ವಿಷಾದಣ್ಣನ ಮರಿಗುಮಾಸ್ತ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಫೋನಿನಲ್ಲಿ ಒಂದು ಕೊಡೆಗೆ ಸಂತಾಪ ಸೂಚಿಸುತ್ತಿದ್ದರು.

ಅದು ನಗರ ಬಸ್ಸುಗಳ ಕಚೇರಿ. ಕೆಳಗೆ ಬಸ್ಸು ನಿಲ್ಲಿಸುವ ಅಂಗಳ, ಮೇಲೆ ನಾವು. ಕೆಳಗೆ ಯಾವುದಾದರೂ ಬಸ್ಸು ಚಾಲೂ ಆದರೆ ಮೇಲೆ ಮೇಜಿನ ಮೇಲಿದ್ದ ಪೆನ್ನುಗಳು ತಾವಾಗಿಯೇ ಉರುಳುತ್ತಿದ್ದವು. ಕಾರಿಡಾರಿನ ಕೊನೆಯ ಕೋಣೆಯ ಬಾಗಿಲ ಮೇಲೆ ‘ದೂರು ವಿಭಾಗ’ ಎಂದು ಬರೆದಿತ್ತು. ನೇಮಕದ ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೊತ್ತಿಕೊಂಡು ನಾನು ಆ ಬಾಗಿಲಲ್ಲಿ ನಿಂತಿದ್ದೆ. ನಮ್ಮ ಮನೆಯಲ್ಲಿ ಕಚೇರಿಯೊಳಗೆ ಕೆಲಸಕ್ಕೆಂದು ಕಾಲಿಟ್ಟವಳು ನಾನೇ ಮೊದಲು. ಹಾಗಾಗಿ ಒಳಗೆ ಬರಲು ಅಪ್ಪಣೆ ಕೇಳಬೇಕೋ, ನಮಸ್ಕಾರ ಹೇಳಬೇಕೋ, ಎರಡೂ ಆಗಬೇಕಿದ್ದರೆ ಯಾವುದು ಮೊದಲು ಎಂಬುದು ತಿಳಿದಿರಲಿಲ್ಲ.

ಒಳಗೆ ದುಂಡು ಮುಖದ, ತೋಳು ಮಡಚಿದ ಅಂಗಿಯ ಒಬ್ಬರು ಕಣ್ಣು ಮುಚ್ಚಿಕೊಂಡು ಫೋನಿನಲ್ಲಿ ಹೇಳುತ್ತಿದ್ದರು: “ಹೌದು ತಾಯಿ, ಹೌದು. ಮದುವೆಗೆ ಮುಂಚಿನ ಕೊಡೆ ಅಂದ್ರೆ ಸಾಮಾನ್ಯಾನಾ? ಯಜಮಾನರಿಗಿಂತ ಮೊದಲು ಬಂದದ್ದು. ಇಲ್ಲ, ಇಲ್ಲ, ನಾನು ನಗ್ತಿಲ್ಲ. ಕೆಮ್ಮು. ಹುಡುಕಿಸ್ತೀನಿ. ಸಿಗದಿದ್ರೆ ಒಂದು ಕಾಗದ ಬರುತ್ತೆ, ಓದಿ ಸಮಾಧಾನ ಮಾಡ್ಕೊಳ್ಳಿ.”

ಹೀಗೆ ಹೇಳುತ್ತಲೇ ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಕೂರಲು ಹೊರಟ ಕುರ್ಚಿಗೆ ಬೆನ್ನಿರಲಿಲ್ಲ. ಅದನ್ನು ಕಂಡು, ಮಾತು ನಿಲ್ಲಿಸದೆ, ತಮ್ಮ ಪಕ್ಕದ ಒಳ್ಳೆಯ ಕುರ್ಚಿಯನ್ನು ಕಾಲಿನಿಂದ ನನ್ನತ್ತ ನೂಕಿದರು. ಫೋನಿಟ್ಟ ಮೇಲೆ ನನ್ನ ಆದೇಶವನ್ನು ನೋಡಲೇ ಇಲ್ಲ. ಒಂದು ದೂರಿನ ಕಾಗದವನ್ನು ಮುಂದಿಟ್ಟರು. ಬಸ್ಸು ಹೊರಡುವ ಹೊತ್ತಿಗೆ ಪ್ರಯಾಣಿಕನೊಬ್ಬ ಇಳಿದು ಪೇಪರ್ ತರಲು ಹೋಗಿದ್ದಾನೆ. ಬಸ್ಸು ಅವನ ಚೀಲದೊಂದಿಗೆ ಹೊರಟುಹೋಗಿದೆ.

“ತಪ್ಪು ಯಾರದ್ದು ಹೇಳಮ್ಮ?”

“ಡ್ರೈವರ್‌ದು ಸರ್.”

“ಅಲ್ಲ.”

“ಹಾಗಾದ್ರೆ ಪ್ರಯಾಣಿಕರದ್ದೇ ಸರ್.”

“ಅಯ್ಯೋ, ಅದಂತೂ ಬರೆಯೋ ಹಾಗೇ ಇಲ್ಲ.” ಅವರು ಕುರ್ಚಿಗೊರಗಿದರು. “ನೆನಪಿಟ್ಕೋ. ಈ ಕೋಣೇಲಿ ತಪ್ಪು ಯಾರದ್ದೂ ಅಲ್ಲ. ವಿಷಾದ ಮಾತ್ರ ನಮ್ದು. ಆಮೇಲೆ, ನನ್ನನ್ನ ಸರ್ ಅನ್ಬೇಡ. ಇಲ್ಲಿ ಎಲ್ರೂ ವಿಷಾದಣ್ಣ ಅಂತಾರೆ. ಮನೇಲಿಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತೆ.”

ಹೆಸರು ಬಂದದ್ದು ಕೆಲಸದಿಂದ. ಬಸ್ಸು ನಿಲ್ಲಲಿಲ್ಲ, ಬಾಗಿಲು ಬೆರಳಿಗೆ ತಾಗಿತು, ಸೀಟಿನ ಮೊಳೆಗೆ ಸಿಕ್ಕಿ ಬಟ್ಟೆ ಹರಿಯಿತು ಎಂದು ಜನ ಬರೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಉತ್ತರ ಹೋಗಲೇಬೇಕೆಂಬ ನಿಯಮವಿದೆ. ಆ ಉತ್ತರಗಳನ್ನು ಬರೆಯುವವರು ವಿಷಾದಣ್ಣ. ಎಲ್ಲವೂ ಮುಗಿಯುವುದು ಒಂದೇ ಸಾಲಿನಲ್ಲಿ: ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು.’ ಯಾರು ನೋಡಿಕೊಳ್ಳುತ್ತಾರೆ ಎಂದು ಆ ಸಾಲು ಎಂದೂ ಹೇಳಿದ್ದಿಲ್ಲ.

ಇಷ್ಟು ವಿಷಾದ ಬರೆದ ಮನುಷ್ಯ ಜೋಲುಮುಖದವನಾಗಿರಬೇಕೆಂದು ನೀವು ಎಣಿಸಿದರೆ ಅದು ತಪ್ಪು. ಅವರಷ್ಟು ಲವಲವಿಕೆಯ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಕ್ಯಾಂಟೀನಿನವನು ಚಹಾ ಚೆಲ್ಲಿದರೆ ಕೂಡಲೇ ಎದ್ದು ನಿಂತು, “ಚಹಾಕ್ಕಾದ ಅನನುಕೂಲಕ್ಕೆ ವಿಷಾದಿಸುತ್ತೇವೆ” ಎನ್ನುತ್ತಿದ್ದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. ಅದು ಸಂಜೆ ಐದು ಗಂಟೆ.

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿ. ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು, ಇನ್ನೂ ಶಾಲೆಗೆ ಸೇರುವ ವಯಸ್ಸಲ್ಲ. ಅವಳಿಗಳಾದರೂ ಅವರು ಕರೆಯುವುದು ‘ದೊಡ್ಡದು’, ‘ಚಿಕ್ಕದು’ ಎಂದೇ. ಗಂಡ ಒಳಗೆ ಬಂದರೆ ಹೆಂಡತಿ ಹೊರಗೆ ಹೋಗಬಹುದು. ಅವರ ಸಂಸಾರ ನಡೆಯುತ್ತಿದ್ದದ್ದು ಹೊಸ್ತಿಲ ಮೇಲೆ. “ಊರಿಗೆಲ್ಲ ಸಿಸ್ಟರು, ನನಗೊಬ್ಬನಿಗೆ ಹೆಂಡ್ತಿ. ಅದೂ ಚಪ್ಪಲಿ ಹಾಕ್ಕೊಳ್ಳೋ ಅಷ್ಟು ಹೊತ್ತು” ಎಂದು ಅವರೇ ನಗುತ್ತಿದ್ದರು. ಅಷ್ಟೇ ಹೊತ್ತಿನಲ್ಲಿ ಮಕ್ಕಳ ಜ್ವರ, ಗ್ಯಾಸು, ಬಾಡಿಗೆ, ಯಾವುದು ಯಾರನ್ನು ಕಚ್ಚಿತು ಎಂಬ ವರದಿ ಎಲ್ಲವೂ ಮುಗಿಯಬೇಕು. ನಾಲ್ಕೂ ಮುಕ್ಕಾಲಿಗೆ ಅವರ ಊಟದ ಚೀಲ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಐದಾಯಿತೆಂದರೆ ಕುರ್ಚಿ ಖಾಲಿ.

ದೂರುಗಳು ಹೆಚ್ಚಿದ ದಿನ ಮಾತ್ರ ಇದು ಕಷ್ಟ. ಅಂಥ ದಿನ ಅವರು ಬೆವರುತ್ತ ಬರೆಯುತ್ತಿದ್ದರು. ಬರೆದದ್ದಕ್ಕೆ ಮ್ಯಾನೇಜರರ ಸಹಿ ಬೇಕು. ನಮ್ಮ ಸಾಹೇಬರು ಸಹಿ ಹಾಕುವ ಬಗೆಯನ್ನು ಇಲ್ಲಿ ಹೇಳಲೇಬೇಕು. ಕಾಗದದ ಬಲಗಡೆಯ ಕೆಳಮೂಲೆಯಲ್ಲಿ ವಿಷಾದಣ್ಣ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಹಾಕಿಡುತ್ತಿದ್ದರು. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಕಟ್ಟಿನ ಮೂಲೆಗಳನ್ನಷ್ಟೇ ಎತ್ತೆತ್ತಿ, ಗೀಟಿದ್ದಲ್ಲೆಲ್ಲ ಸಹಿ ಹಾಕುತ್ತಿದ್ದರು. ಅವರ ಕಣ್ಣು ಆ ಮೂಲೆ ಬಿಟ್ಟು ಮೇಲಕ್ಕೆ ಹೋದದ್ದನ್ನು ಕಂಡವರಿಲ್ಲ. ಆಮೇಲೆ ಕಟ್ಟು ನನ್ನ ಬಳಿ ಬರುತ್ತಿತ್ತು. ನನ್ನ ಕೆಲಸ ವಿಳಾಸ ನೋಡಿ ಲಕೋಟೆಗೆ ಹಾಕುವುದು. ಒಟ್ಟಿನಲ್ಲಿ ಕಾಗದದ ತಲೆ ನನ್ನದು, ಬುಡ ಸಾಹೇಬರದು, ಹೊಟ್ಟೆ ವಿಷಾದಣ್ಣನದು.

ನಾನು ಸೇರಿದ ವರ್ಷವೇ ಹೊಟ್ಟೆಯ ಜವಾಬ್ದಾರಿ ಕೈ ಬದಲಾಯಿಸಿತು. ಮುಖ್ಯ ಕಚೇರಿಯವರು ಎಲ್ಲ ವಿಭಾಗಗಳಿಗೂ ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆ ಕೊಟ್ಟರು. ಕಂಪ್ಯೂಟರಿನಲ್ಲಿ ದೂರನ್ನು ಹಾಕಿ, ಏನು ಬೇಕೆಂದು ಮಾತಿನಲ್ಲೇ ಬರೆದು ಹೇಳಿದರೆ ಉತ್ತರವನ್ನು ಅದೇ ಬರೆಯುತ್ತದೆ. ಕಲಿಸಲು ಬಂದಿದ್ದ ಹೆಂಗಸು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಅವರು ಮೆಟ್ಟಿಲಿಳಿಯುವುದರೊಳಗೆ ವಿಷಾದಣ್ಣ ಅದನ್ನು ‘ಮರಿ’ ಎಂದು ಕರೆಯತೊಡಗಿದ್ದರು.

“ನೋಡು ಮರಿ,” ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಅವರು ಟೈಪು ಮಾಡುತ್ತಿದ್ದರು, “ಇದು ನನ್ನ ಹಳೇ ಕಾಗದಗಳು. ಎಲ್ಲಾ ಓದ್ಕೋ. ಹೀಗೇ ಬರೀಬೇಕು. ನನಗಿಂತ ಚೆನ್ನಾಗಿ ಬರೆದ್ರೆ ಕಿವಿ ಹಿಂಡ್ತೀನಿ.”

ಮರಿ ಹೇಳಿದಂತೆಯೇ ಕಲಿಯಿತು. ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಮೊದಲ ವಾರದಲ್ಲೇ ಒಬ್ಬ ಪ್ರಯಾಣಿಕರು ಚಾಲಕನೊಬ್ಬನನ್ನು ಹೊಗಳಿ ಬರೆದಿದ್ದಕ್ಕೆ ಅದರ ಉತ್ತರ ಹೀಗಿತ್ತು: ‘ತಾವು ನಮ್ಮ ಚಾಲಕರನ್ನು ಮೆಚ್ಚುವಂತಾದುದಕ್ಕೆ ವಿಷಾದಿಸುತ್ತೇವೆ. ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು.’ ವಿಷಾದಣ್ಣ ಅದನ್ನು ಓದಿ, ಮೇಜಿನ ಮೇಲೆ ತಲೆಯಿಟ್ಟು, ಭುಜ ಕುಲುಕಿಸಿಕೊಂಡು ನಕ್ಕರು. ಅಳುತ್ತಿದ್ದಾರೆಂದು ಹೆದರಿ ನಾನು ನೀರು ತಂದುಕೊಟ್ಟೆ.

“ಅದರದ್ದೇನೂ ತಪ್ಪಿಲ್ಲಮ್ಮ,” ಎಂದರು ಕಣ್ಣೊರೆಸಿಕೊಂಡು. “ಇಷ್ಟು ವರ್ಷ ನಾನು ಏನ್ ಮಾಡ್ತಿದ್ದೆ ಅಂತ ತೋರಿಸಿದೆ, ಅಷ್ಟೆ.” ಆ ಕಾಗದವನ್ನು ಕಳಿಸದೆ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದರು.

ಆಮೇಲೆ ಮರಿ ತಿದ್ದಿಕೊಂಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ದಿನದ ಕಾಗದಗಳೆಲ್ಲ ಸಿದ್ಧ. ಕೆಲವು ವಾರ ವಿಷಾದಣ್ಣ ಒಂದೊಂದನ್ನೂ ಓದಿದರು. ಮರಿ ತಪ್ಪು ಮಾಡಲಿಲ್ಲ. ಆಮೇಲೆ ಅರ್ಧ ಓದಿದರು. ಮರಿ ತಪ್ಪು ಮಾಡಲಿಲ್ಲ. ಆಮೇಲೆ ಓದುವುದನ್ನು ಬಿಟ್ಟು ಕೆಳಮೂಲೆಯಲ್ಲಿ ಗೀಟು ಮಾತ್ರ ಹಾಕತೊಡಗಿದರು. ಹೀಗೆ ಕಾಗದದ ಹೊಟ್ಟೆಯಲ್ಲೇನಿದೆ ಎಂದು ತಿಳಿದ ಒಬ್ಬ ಮನುಷ್ಯನೂ ಕಚೇರಿಯಲ್ಲಿ ಉಳಿಯಲಿಲ್ಲ. ಮಧ್ಯಾಹ್ನವೆಲ್ಲ ಅವರು ದೊಡ್ಡದಕ್ಕೂ ಚಿಕ್ಕದಕ್ಕೂ ಹಳೆಯ ಟಿಕೆಟ್ ರೋಲುಗಳಿಂದ ಹಾರ, ಕಿರೀಟ ಮಾಡುತ್ತ ಕೂರುತ್ತಿದ್ದರು. ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದರೆ ಒಂದು ಫೈಲು ತೆರೆದು ಹುಬ್ಬು ಗಂಟಿಕ್ಕುತ್ತಿದ್ದರು.

ಒಂದು ದಿನ ಸಾಹೇಬರು ಕರೆಸಿದರು. ಮುಖ್ಯ ಕಚೇರಿಯ ಸಭೆಯಲ್ಲಿ ಯಾರೋ, ನಿಮ್ಮ ಕಾಗದಗಳಲ್ಲಿ ವಿನಯ ಸಾಲದು ಅಂದಿದ್ದರಂತೆ.

“ವಿನಯ ಬೇಕು ಕಣ್ರೀ. ವಿನಯ!” ಎಂದು ಸಾಹೇಬರು ಮೇಜು ಗುದ್ದಿ ಹೇಳಿದರು.

ವಿಷಾದಣ್ಣ ಬಂದು ಮರಿಗೆ ಬರೆದರು: “ವಿನಯ ಸಾಲದಂತೆ ಮರಿ. ಓದಿದವರಿಗೆ ನಮ್ಮ ಸಾಹೇಬರೇ ಮನೆ ಬಾಗಿಲಿಗೆ ಬಂದು ನಿಂತು ವಿಷಾದ ಹೇಳಿದಂತೆ ಅನಿಸಬೇಕು. ಹಾಗೆ ಬರಿ.” ಆಗ ನಾಲ್ಕೂ ಮುಕ್ಕಾಲು. ಊಟದ ಚೀಲ ಮೇಜಿನ ಮೇಲೆ ಬಂದಿತ್ತು. ಮರಿ ಬರೆದುಕೊಟ್ಟ ಕಟ್ಟಿಗೆ ಗೀಟು ಬಿತ್ತು, ಸಾಹೇಬರ ಸಹಿ ಬಿತ್ತು, ನಾನು ವಿಳಾಸ ನೋಡಿ ಲಕೋಟೆ ಮುಚ್ಚಿದೆ.

ಅದೇ ವಾರ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಕೃತಕ ಬುದ್ಧಿಮತ್ತೆಯಿಂದ ಕೆಲಸ ಹಗುರಾಗಿರುವುದರಿಂದ, ಪ್ರತಿ ಕಚೇರಿಯೂ ಹೆಚ್ಚಾದ ಒಬ್ಬ ನೌಕರರ ಹೆಸರನ್ನು ತಿಂಗಳ ಕೊನೆಯೊಳಗೆ ಕಳಿಸಬೇಕು. ಅವರನ್ನು ಊರಾಚೆಯ ಟೈರ್ ಉಗ್ರಾಣಕ್ಕೆ ಹಾಕಲಾಗುವುದು. ಅಲ್ಲಿಯ ಪಾಳಿ ಮಧ್ಯಾಹ್ನ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ.

ಸಾಹೇಬರು ತಾವಾಗಿಯೇ ನಮ್ಮ ಕೋಣೆಗೆ ಬಂದರು. ಮೇಜಿನ ಮೇಲಿದ್ದ ಟಿಕೆಟ್ ಕಿರೀಟವನ್ನು ನೋಡಿದರು.

“ಈ ಹುಡುಗಿ ಹೊಸಬಳು, ಇವಳನ್ನ ಕಳಿಸೋ ಹಾಗಿಲ್ಲ. ನೀವೇ ಹೋಗ್ಬೇಕಾಗುತ್ತೆ ಕಣ್ರೀ.”

“ಸಾರ್, ನನ್ನ ಹೆಂಡ್ತಿ ರಾತ್ರಿ ಪಾಳಿ. ಎರಡು ಮಕ್ಕಳು...”

“ಎಲ್ರಿಗೂ ಮನೆ ಇದೆ. ತಿಂಗಳ ಕೊನೆಗೆ ಹೆಸರು ಕಳಿಸ್ತೀನಿ. ಬೇಜಾರು ಮಾಡ್ಕೋಬೇಡಿ.” ಬಾಗಿಲಲ್ಲಿ ತಿರುಗಿ, “ವಿಷಾದಿಸ್ತೀನಿ” ಎಂದು ತಾವೇ ನಕ್ಕು ಹೋದರು.

ವಿಷಾದಣ್ಣ ನಗಲಿಲ್ಲ. ಹೆಂಡತಿ ಪಾಳಿ ಬದಲಿಸಲು ಆಸ್ಪತ್ರೆಯವರು ಒಪ್ಪುವುದಿಲ್ಲ. ಇಬ್ಬರಲ್ಲಿ ಯಾರು ಕೆಲಸ ಬಿಟ್ಟರೂ ಒಬ್ಬರ ಸಂಬಳದಲ್ಲಿ ಮನೆ ಸಾಗುವುದಿಲ್ಲ. ಪಕ್ಕದ ಮನೆಯ ಅಜ್ಜಿ ಹಗಲಿನಲ್ಲಿ ಒಂದರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವುದೇ ಹೆಚ್ಚು. ಅಷ್ಟರಲ್ಲೇ ಒಮ್ಮೆ ಚಿಕ್ಕದು ಅಜ್ಜಿಯ ಹಲ್ಲಿನ ಸೆಟ್ಟನ್ನು ಬಕೆಟ್ಟಿಗೆ ಹಾಕಿತ್ತು. ಇದನ್ನೆಲ್ಲ ವಿಷಾದಣ್ಣ ಹೇಳಿದ್ದು ಗೊಣಗಿಕೊಂಡು, ಮರಿಯ ಕಡೆ ನೋಡಿಕೊಂಡು. “ಬೆನ್ನ ಮೇಲೆ ಹತ್ತಿಸ್ಕೊಂಡೆ, ಈಗ ನನ್ನನ್ನೇ ಮನೆಯಿಂದ ಆಚೆ ಹಾಕ್ತಾ ಇದೆ” ಎಂದರು. ಕಂಪ್ಯೂಟರು ತಣ್ಣಗೆ ಮಿನುಗುತ್ತಿತ್ತು.

ಸೋಮವಾರ ಬೆಳಿಗ್ಗೆ ಫೋನುಗಳು ಶುರುವಾದವು. ಮೊದಲನೆಯದನ್ನು ನಾನೇ ಎತ್ತಿದೆ.

“ಏನ್ರೀ, ಶನಿವಾರ ನಿಮ್ಮ ಮ್ಯಾನೇಜರು ಬರ್ತಾರೆ ಅಂತ ಮನೆಗೆ ಸುಣ್ಣ ಬಳಿಸಿದ್ವಿ. ಬರಲೇ ಇಲ್ಲ?”

ಎರಡನೆಯವರು ಸೋಫಾ ಎರವಲು ತಂದಿದ್ದರಂತೆ. ಮೂರನೆಯವರ ಮಾವ, ಸಾಹೇಬರು ಬರುತ್ತಾರೆಂದು ಮೂಲೆಯಲ್ಲಿದ್ದ ಕೋಟು ತೊಟ್ಟು ಕೂತು ನಿದ್ದೆ ಹೋಗಿದ್ದರಂತೆ. ಫೋನಿಟ್ಟು ನಾನು ವಿಷಾದಣ್ಣನ ಮುಖ ನೋಡಿದೆ. ಅವರು ಹಿಂದಿನ ವಾರದ ಕಟ್ಟಿನ ಪ್ರತಿಗಳನ್ನು ತೆರೆದು, ಬಹಳ ದಿನಗಳ ಮೇಲೆ ಹೊಟ್ಟೆಯನ್ನು ಓದಿದರು. ಪ್ರತಿ ಕಾಗದದಲ್ಲೂ ಇತ್ತು: ‘ಬರುವ ಶನಿವಾರ ನಮ್ಮ ಮ್ಯಾನೇಜರರು ಖುದ್ದಾಗಿ ತಮ್ಮ ಮನೆಯ ಬಾಗಿಲಿಗೆ ಬಂದು ವಿಷಾದ ವ್ಯಕ್ತಪಡಿಸುವರು.’

ಸಾಹೇಬರು ಬಂದು ನಿಂತಂತೆ ಅನಿಸಬೇಕು ಎಂದಿದ್ದಕ್ಕೆ ಮರಿ, ಬಂದರೆ ತಾನೇ ಅನಿಸುವುದು ಎಂದು ತೀರ್ಮಾನಿಸಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದು ನಿಂತರು. ತೆಳ್ಳಗೆ, ನೆಟ್ಟಗೆ, ಕೈಯಲ್ಲಿ ಕಾಗದ. ನಿವೃತ್ತ ಶಾಲಾ ಟೀಚರು. ಅವರ ದೂರು ನನಗೂ ನೆನಪಿತ್ತು: ಅವರ ಸ್ಟಾಪಿನಲ್ಲಿ ಬೆಳಗಿನ ಬಸ್ಸು ನಿಲ್ಲುವುದಿಲ್ಲ.

“ನಾನು ಕೈ ಬೀಸ್ತೀನಿ. ಡ್ರೈವರು ಮರ್ಯಾದಸ್ಥ, ಅವನೂ ಕೈ ಬೀಸಿ ಹೊರಟು ಹೋಗ್ತಾನೆ,” ಎಂದರು ಟೀಚರಮ್ಮ. “ಅದು ಹೋಗಲಿ. ಶನಿವಾರ ಬೆಳಿಗ್ಗೆಯಿಂದ ಕುರ್ಚಿ ಒರೆಸಿಟ್ಟು ಕಾದೆ. ಬಸ್ಸೂ ಇಲ್ಲ, ಸಾಹೇಬರೂ ಇಲ್ಲ. ಇದಕ್ಕೂ ಒಂದು ದೂರು ತಗೊಳ್ಳಿ.”

“ತಗೊಂಡೆ ಟೀಚರಮ್ಮ,” ಎಂದರು ವಿಷಾದಣ್ಣ, ಬಲು ವಿನಯದಿಂದ.

ಮಧ್ಯಾಹ್ನದೊಳಗೆ ಅಂಥ ದೂರುಗಳ ಒಂದು ರಾಶಿಯೇ ಸೇರಿತು. ವಿಷಾದ ಹೇಳಲು ಬರಲಿಲ್ಲವೆಂದು ದೂರು. ಎಲ್ಲಕ್ಕೂ ಉತ್ತರ ಹೋಗಲೇಬೇಕು. ಮರಿ ಬರೆಯಿತು. ಸಂಜೆ ವಿಷಾದಣ್ಣ ಆ ಕಟ್ಟನ್ನು ಮುಂದಿಟ್ಟುಕೊಂಡು ಒಂದೊಂದೇ ಕಾಗದವನ್ನು ಪೂರ್ತಿ ಓದಿದ್ದನ್ನು ನಾನು ಕಣ್ಣಾರೆ ಕಂಡೆ. ಓದುತ್ತ ಓದುತ್ತ ಅವರ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಕೊನೆಗೆ ಪೆನ್ಸಿಲು ಚೂಪು ಮಾಡಿಕೊಂಡು, ಎಲ್ಲಕ್ಕೂ ಅಚ್ಚುಕಟ್ಟಾಗಿ ಗೀಟು ಹಾಕಿ, ಸಾಹೇಬರಿಗೆ ಕಳಿಸಿದರು. ಸಾಹೇಬರು ಫೋನಿನಲ್ಲಿದ್ದರು. ಸಹಿಗಳು ಬಿದ್ದವು.

ಲಕೋಟೆಗೆ ಹಾಕುವಾಗ ಅಂದು ನಾನೂ ಒಂದನ್ನು ಓದಿದೆ. ‘ಕಳೆದ ಶನಿವಾರ ನಮ್ಮ ಮ್ಯಾನೇಜರರು ತಮ್ಮ ಮನೆಗೆ ಬರಲಾಗದಿದ್ದುದಕ್ಕೆ ವಿಷಾದಿಸುತ್ತೇವೆ. ಈ ಶನಿವಾರ ಅವರು ತಪ್ಪದೆ ಬಂದು, ಮೊದಲಿನ ವಿಷಾದವನ್ನೂ ಈ ವಿಷಾದವನ್ನೂ ಒಟ್ಟಿಗೆ ವ್ಯಕ್ತಪಡಿಸುವರು.’

“ವಿಷಾದಣ್ಣ! ಇದು ಹೋದ್ರೆ...”

“ಅಂಟು ಸರಿಯಾಗಿ ಹಾಕಮ್ಮ, ಬಿಚ್ಕೋಬಾರದು,” ಎಂದು ಚೀಲ ತೆಗೆದುಕೊಂಡು ಹೊರಟರು. ಗಡಿಯಾರ ಐದು ಹೊಡೆಯಿತು.

ಸಾಹೇಬರಿಗೆ ವಿಷಯ ತಿಳಿದದ್ದು ಗುರುವಾರ, ಅದೂ ಹೊಗಳಿಕೆಯ ರೂಪದಲ್ಲಿ. ಯಾರೋ ಆ ಕಾಗದವನ್ನು ಮುಖ್ಯ ಕಚೇರಿಗೂ ಕಳಿಸಿದ್ದರು. ಅಲ್ಲಿಂದ ದೊಡ್ಡ ಅಧಿಕಾರಿಯೇ ಫೋನು ಮಾಡಿ, ಮನೆಮನೆಗೆ ಹೋಗಿ ವಿಷಾದ ಹೇಳುವ ನಿಮ್ಮ ಯೋಚನೆ ಅದ್ಭುತವಾಗಿದೆ, ಉಳಿದ ಕಚೇರಿಗಳಿಗೂ ಮಾದರಿ ಎಂದರಂತೆ. ಸಾಹೇಬರು ಏನೂ ಅರ್ಥವಾಗದೆ, ಆದರೆ ಹೊಗಳಿಕೆ ಎಂದು ತಿಳಿದು, “ಹೌದು ಸಾರ್, ಅದು ನನ್ನದೇ ಐಡಿಯಾ ಸಾರ್” ಎಂದುಬಿಟ್ಟಿದ್ದರು. ಆಮೇಲೆ ನಮ್ಮ ಕೋಣೆಗೆ ಬಂದು, “ನನ್ನ ಐಡಿಯಾ ಏನ್ರೀ?” ಎಂದು ಕೇಳಿದರು.

ವಿಷಾದಣ್ಣ ಕಾಗದದ ಪ್ರತಿ ಕೊಟ್ಟರು. ಸಾಹೇಬರು ಓದುತ್ತ ಹೋದಂತೆ ಅವರ ಕಿವಿ ಕೆಂಪಾಯಿತು.

“ಇದನ್ನ ಬರೆದದ್ದು ಯಾರು?”

“ಮರಿ ಸಾರ್.”

“ಯಾವ ಮರಿ?”

“ಯಂತ್ರ ಸಾರ್. ತಾವು ವಿನಯ ಬೇಕು ಅಂದ್ರಲ್ಲ.”

“ಗೀಟು ಹಾಕಿದ್ದು?”

“ನಾನು ಸಾರ್.”

“ಮತ್ತೆ ಸಹಿ...” ಎಂದು ಶುರು ಮಾಡಿದ ಸಾಹೇಬರು ಅಲ್ಲಿಗೇ ನಿಲ್ಲಿಸಿದರು. ಕೆಳಗೊಂದು ಬಸ್ಸು ಚಾಲೂ ಆಗಿ, ಪೆನ್ನೊಂದು ಉರುಳಿ ಸಾಹೇಬರ ಕಾಲ ಬಳಿ ಬಿತ್ತು. ಓದದೆ ಸಹಿ ಹಾಕಿದೆನೆಂದರೆ ಮುಖ್ಯ ಕಚೇರಿಯ ಮುಂದೆ ಮಾನ ಹೋಗುತ್ತದೆ. ಓದಿ ಹಾಕಿದೆನೆಂದರೆ ಶನಿವಾರ ಹೋಗಬೇಕು.

ಶನಿವಾರ ಕಚೇರಿಯ ಜೀಪಿನಲ್ಲಿ ಮೂವರೂ ಹೊರಟೆವು. ಮುಂದೆ ಸಾಹೇಬರು, ಹಿಂದೆ ವಿಷಾದಣ್ಣ ಮತ್ತು ದೂರಿನ ಕಡತ ಹಿಡಿದ ನಾನು. ಮೊದಲ ಮನೆ ಟೀಚರಮ್ಮನದು.

“ಏನ್ರೀ, ಆ ವಿಷಾದ ಅನ್ನೋದನ್ನ ಎಲ್ಲಿ ಹೇಳ್ಬೇಕು? ಶುರುವಿನಲ್ಲಾ, ಕೊನೇಲಾ?” ಸಾಹೇಬರು ತಿರುಗಿ ಕೇಳಿದರು. ಹಣೆಯಲ್ಲಿ ಬೆವರು.

“ಕಾಗದದಲ್ಲಾದ್ರೆ ಕೊನೇಲಿ ಸಾರ್. ಮನೇಲಿ ಶುರುವಲ್ಲೇ ಹೇಳಿದ್ರೆ ಒಳ್ಳೇದು.”

“ನೀವು ಪಕ್ಕದಲ್ಲೇ ಇರ್ತೀರಲ್ಲ?”

“ಇರ್ತೀನಿ ಸಾರ್. ಆದ್ರೆ ಅಲ್ಲಿ ಪೆನ್ಸಿಲ್ ಗೀಟು ಇರಲ್ಲ.”

ಟೀಚರಮ್ಮನ ಮನೆ ಸಾಲುಮನೆಗಳಲ್ಲಿ ಕೊನೆಯದು. ಬಾಗಿಲ ಪಕ್ಕದಲ್ಲೇ ಕಿಟಕಿ. ಸಾಹೇಬರು ಅಂಗಿ ಎಳೆದುಕೊಂಡು ಕರೆಗಂಟೆ ಒತ್ತಿದರು. ಕಿಟಕಿಯಲ್ಲಿ ಟೀಚರಮ್ಮನ ಮುಖ ಕಾಣಿಸಿತು. ಸಾಹೇಬರು ಕೈ ಬೀಸಿದರು. ಟೀಚರಮ್ಮ ಬಲು ಮರ್ಯಾದೆಯಿಂದ ನಕ್ಕು, ತಾವೂ ಕೈ ಬೀಸಿ, ಒಳಗೆ ಹೊರಟುಹೋದರು.

ಸಾಹೇಬರು ಕಾದರು. ಮತ್ತೆ ಒತ್ತಿದರು. ಮತ್ತೆ ಮುಖ, ಮತ್ತೆ ನಗು, ಮತ್ತೆ ಕೈ ಬೀಸಿದ್ದು, ಮತ್ತೆ ಖಾಲಿ ಕಿಟಕಿ. ಬಿಸಿಲು ಏರಿತ್ತು. ಎದುರುಮನೆಯವರು ಬಾಲ್ಕನಿಗೆ ಬಂದು ನಿಂತರು.

“ಇವರಿಗೆ ಕಣ್ಣು ಸರಿಯಾಗಿ ಕಾಣಿಸಲ್ವೇನ್ರೀ?” ಸಾಹೇಬರು ಪಿಸುಗುಟ್ಟಿದರು.

“ಚೆನ್ನಾಗಿ ಕಾಣಿಸುತ್ತೆ ಸಾರ್. ಡ್ರೈವರಿಗೆ ಕಾಣಿಸೋ ಹಾಗೇ,” ಎಂದರು ವಿಷಾದಣ್ಣ, ಆಕಾಶ ನೋಡುತ್ತ.

ಸಾಹೇಬರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಅವರು ಮೂರನೆಯ ಸಲ ಗಂಟೆ ಒತ್ತಲಿಲ್ಲ. ಬಾಗಿಲ ಮುಂದೆ ಸುಮ್ಮನೆ ನಿಂತರು, ಸ್ಟಾಪಿನಲ್ಲಿ ನಿಂತವರ ಹಾಗೆ. ಆಗ ಬಾಗಿಲು ತೆರೆಯಿತು.

“ಹೇಗಿತ್ತು?” ಎಂದರು ಟೀಚರಮ್ಮ.

ಸಾಹೇಬರು ಜೀಪಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಸಾಲು ಹೊರಡಲಿಲ್ಲ. “ಅನನು... ಅನನುಕೂಲ...” ಎಂದು ಎರಡು ಸಲ ತೊದಲಿ, ಕೊನೆಗೆ, “ತಪ್ಪಾಯ್ತು ಅಮ್ಮ. ಆ ಬಸ್ಸಿನ ಸಮಯ ಕಡಿಮೆ ಮಾಡಿದ್ದು ನಾನೇ. ಎಲ್ಲ ಸ್ಟಾಪಲ್ಲೂ ನಿಂತ್ರೆ ಅವನಿಗೆ ಹೊತ್ತಿಗೆ ಸರಿಯಾಗಿ ತಲುಪೋಕಾಗಲ್ಲ” ಎಂದರು.

ನನ್ನ ಪಕ್ಕದಲ್ಲಿ ವಿಷಾದಣ್ಣ ಉಸಿರು ಬಿಟ್ಟದ್ದು ಕೇಳಿಸಿತು. “ತಪ್ಪು,” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಇಷ್ಟು ವರ್ಷದಲ್ಲಿ ನಾನು ಒಂದ್ಸಲಾನೂ ಬರೀದೇ ಇದ್ದ ಶಬ್ದ. ಮರಿಗೂ ಗೊತ್ತಿಲ್ಲ.”

ಟೀಚರಮ್ಮ ಒರೆಸಿಟ್ಟ ಕುರ್ಚಿಯಲ್ಲಿ ಸಾಹೇಬರನ್ನು ಕೂರಿಸಿ, ಬಸ್ಸಿನ ವೇಳಾಪಟ್ಟಿಯನ್ನು ಅವರಿಂದಲೇ ತಿದ್ದಿಸಿ, ಚಹಾ ಕೊಟ್ಟು ಕಳಿಸಿದರು. ಹೊರಗೆ ಬಂದ ಸಾಹೇಬರು ಜೀಪು ಹತ್ತಿ ಕಣ್ಣು ಮುಚ್ಚಿದರು.

“ಇನ್ನೂ ಎಷ್ಟು ಮನೆ ಇದೆ?”

“ಬಹಳ ಇದೆ ಸಾರ್. ಮುಂದಿನವರು ಸುಣ್ಣ ಬಳಿಸಿದವರು. ಆಮೇಲೆ ಕೋಟಿನ ಮಾವ.”

“ನನ್ ಕೈಲಿ ಆಗಲ್ಲ ಕಣ್ರೀ.”

“ನಾನು ಮಾಡ್ತೀನಿ ಸಾರ್,” ಎಂದರು ವಿಷಾದಣ್ಣ ಮೆಲ್ಲಗೆ. “ನನಗೆ ಅಭ್ಯಾಸ ಇದೆ. ಆದ್ರೆ ಉಗ್ರಾಣದಲ್ಲಿ ಟೈರುಗಳ ಹತ್ರ ವಿಷಾದ ಹೇಳ್ತಾ ಕೂತ್ರೆ ಮನೆಗಳಿಗೆ ಹೋಗೋರು ಯಾರು? ತಾವೇ ಪ್ರತಿ ಶನಿವಾರ...”

“ಸಾಕು, ಸಾಕು,” ಎಂದರು ಸಾಹೇಬರು. ಕಣ್ಣು ತೆರೆದು ಅವರತ್ತ ತಿರುಗಿದರು. “ಎರಡನೇ ಕಟ್ಟು ನೀವು ಓದಿದ್ರಿ, ಅಲ್ವೇನ್ರೀ?”

“ತಾವು ಓದಿದ್ರಾ ಸಾರ್?”

ಜೀಪಿನ ಚಾಲಕ ಕೆಮ್ಮಿದ. ಸಾಹೇಬರು ಕಿಟಕಿಯಾಚೆ ನೋಡಿದರು. ಆಮೇಲೆ ಅವರ ಭುಜಗಳೂ ಕುಲುಕತೊಡಗಿದವು. ನಾನು ನೀರಿನ ಬಾಟಲಿ ಮುಂದೆ ಚಾಚಲಿಲ್ಲ. ಅಷ್ಟರಲ್ಲಿ ಆ ಕಚೇರಿಯ ಅಳುವಿಗೂ ನಗುವಿಗೂ ಇರುವ ವ್ಯತ್ಯಾಸ ನನಗೆ ತಿಳಿದಿತ್ತು.

ತಿಂಗಳ ಕೊನೆಗೆ ಸಾಹೇಬರು ಮುಖ್ಯ ಕಚೇರಿಗೆ ಬರೆದರು: ಮನೆಭೇಟಿಯ ಯೋಜನೆ ನಡೆಯುತ್ತಿರುವುದರಿಂದ ದೂರು ವಿಭಾಗದಲ್ಲಿ ಹೆಚ್ಚಾದ ನೌಕರರಿಲ್ಲ. ಆ ಕಾಗದವನ್ನು ಅವರು ಮೇಲಿನಿಂದ ಕೆಳಗಿನವರೆಗೆ ಓದಿ ಸಹಿ ಹಾಕಿದರು. ಉಗ್ರಾಣಕ್ಕೆ ನಮ್ಮ ಕಚೇರಿಯಿಂದ ಕೊನೆಗೂ ಹೋದದ್ದು ಬೆನ್ನಿಲ್ಲದ ಆ ಕುರ್ಚಿ ಮಾತ್ರ.

ಆ ಸಂಜೆ ವಿಷಾದಣ್ಣನ ಹೆಂಡತಿಯೇ ನನಗೆ ಫೋನು ಮಾಡಿದರು. ಪಾಳಿಗೆ ಹೊರಟಿದ್ದ ಅವಸರ ದನಿಯಲ್ಲಿತ್ತು. “ಅವರು ಉಗ್ರಾಣಕ್ಕೆ ಹೋಗಲ್ಲ ಅಂತ ಬಾಗಿಲಲ್ಲಿ ಹೇಳಿದ್ರು. ನಿಜಾನಾ, ಅಥವಾ ಅದನ್ನೂ ಆ ಮರಿ ಬರೆದುಕೊಟ್ಟಿದ್ದಾ?” ಎಂದು ಕೇಳಿದರು. ನಿಜ ಅಕ್ಕ, ಎಂದೆ. ಅವರು, “ಸರಿ, ಚಪ್ಪಲಿ ಸಿಕ್ತು, ಇಡ್ತೀನಿ” ಎಂದು ಫೋನಿಟ್ಟರು.

ಮರಿಗೆ ಹೊಸ ಪಾಠವೂ ಆಯಿತು. ಯಾವುದು ಯಾರ ತಪ್ಪೆಂದು ತಿಳಿದಿದ್ದರೆ ಹಾಗೆಂದೇ ಬರೆಯಬೇಕು. ಯಾರು ಮನೆಗೆ ಬರುತ್ತಾರೆಂದು ಕೇಳದೆ ಮಾತು ಕೊಡಬಾರದು. ದಿನದ ಭೇಟಿಗಳನ್ನು ಸರದಿಯಾಗಿ ಜೋಡಿಸಿಕೊಡಬೇಕು. ಈ ಸರದಿಯ ವಿಚಾರದಲ್ಲಿ ನನಗೊಂದು ಅನುಮಾನವಿದೆ. ದೂರು ಊರಿನ ಯಾವ ಮೂಲೆಯಿಂದ ಬಂದರೂ, ದಿನದ ಕೊನೆಯ ಮನೆ ಮಾತ್ರ ಯಾವಾಗಲೂ ವಿಷಾದಣ್ಣನ ಬೀದಿಯ ಆಸುಪಾಸಿನಲ್ಲೇ ಇರುತ್ತದೆ. ಕೇಳಿದರೆ, “ಮರಿ ಲೆಕ್ಕ ಹಾಕುತ್ತಮ್ಮ, ನಮಗೇನು ಗೊತ್ತಾಗುತ್ತೆ?” ಎನ್ನುತ್ತಾರೆ. ಆ ಬೀದಿಯವರು ಅಷ್ಟೊಂದು ದೂರು ಯಾಕೆ ಬರೆಯುತ್ತಾರೆ, ಅವುಗಳಲ್ಲಿ ಕೆಲವು ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಯಾಕಿರುತ್ತವೆ ಎಂದು ನಾನು ಕೇಳಿಲ್ಲ.

ಈಗ ವಿಷಾದಣ್ಣ ಬೆಳಿಗ್ಗೆ ಮರಿ ಬರೆದ ಕಾಗದಗಳನ್ನೆಲ್ಲ ಓದಿ ತಿದ್ದುತ್ತಾರೆ. ಮಧ್ಯಾಹ್ನ ಬಸ್ಸು ಹತ್ತಿ ದೂರು ಕೊಟ್ಟವರ ಮನೆಗಳಿಗೆ ಹೋಗುತ್ತಾರೆ. ಐದೂವರೆಗೆ ಮನೆಯಲ್ಲಿರುತ್ತಾರೆ.